ನೋವಿನ ನಿಜ, ನೋವಿನ ಬೇಡಿಕೆ

ಪ್ರೀತಿಸುತ್ತಿರುವ ಇಬ್ಬರಲ್ಲಿ ಒಬ್ಬರಿಗೆ ಸದಾ ಏನಾದರೊಂದು ನೋವು. ಇವತ್ತು ತಲೆ, ನಾಳೆ ಸೊಂಟ, ನಾಡಿದ್ದು ಹೊಟ್ಟೆ ಉಬ್ಬರ, ನಡುನಡುವೆ ಜ್ವರ ಬಂದ ಹಾಗೆ ಅನ್ನಿಸುವ ಮೈ. ಇಂಥ ಜೋಡಿಯಲ್ಲಿ ಕೆಲವು ತಿಂಗಳು ಕಳೆಯುವುದರೊಳಗೆ ಇನ್ನೊಬ್ಬರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಇದು ನಿಜವೇ? ಬಾಯಿಬಿಟ್ಟು ಕೇಳದಿದ್ದರೂ ‘ಮತ್ತೆ ಶುರುವಾಯ್ತಾ’ ಎಂಬ ನಿಟ್ಟುಸಿರಿನಲ್ಲಿ ಅದು ಹೊರಬೀಳುತ್ತದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಇರುತ್ತದೆ: ಇದಕ್ಕೆ ತಾನು ಎಷ್ಟು ಕೊಡಬೇಕು, ಎಷ್ಟು ಸಂಜೆ, ಎಷ್ಟು ನಿದ್ದೆ, ಎಷ್ಟು ಸಹನೆ? ಎರಡೂ ಒಂದೇ ಪ್ರಶ್ನೆ ಎಂದು ತಿಳಿಯುವುದರಿಂದಲೇ ಬಹುಪಾಲು ಜಗಳ ಹುಟ್ಟುತ್ತದೆ. ನೋವು ನಿಜವಾಗಿದ್ದರೆ ಕೇಳಿದ್ದನ್ನೆಲ್ಲ ಕೊಡಬೇಕು, ಕೊಡಲಾಗದಿದ್ದರೆ ನೋವೇ ಸುಳ್ಳೆಂದು ಸಾಧಿಸಬೇಕು ಎಂಬ ಲೆಕ್ಕ ಅದು. ಈ ಲೆಕ್ಕ ತಪ್ಪು, ಮತ್ತು ಅದರಿಂದ ಇಬ್ಬರಿಗೂ ಪೆಟ್ಟು ಬೀಳುತ್ತದೆ.

ಮೈಸೂರಿನಂಥ ಊರಿನಲ್ಲಿ ಈ ಪೆಟ್ಟು ಜೋರಾಗಿಯೇ ಬೀಳುತ್ತದೆ. ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಓದಲು, ಹೆಬ್ಬಾಳದ ಇನ್ಫೋಸಿಸ್ ಆವರಣದಲ್ಲಿ ತರಬೇತಿ ಪಡೆಯಲು ಬೇರೆ ಬೇರೆ ಊರುಗಳಿಂದ ಬಂದ ಯುವಕ ಯುವತಿಯರು ಹಾಸ್ಟೆಲ್, ಪಿಜಿಗಳಲ್ಲಿ ಇರುತ್ತಾರೆ. ಮೈ ಬಿಸಿಯಾದರೆ ಗಂಜಿ ಕಾಯಿಸಿ ಕೊಡುವ ಅಮ್ಮ, ‘ಉಷ್ಣ ಆಗಿರಬೇಕು, ಮಜ್ಜಿಗೆ ಕುಡಿ’ ಎನ್ನುವ ಅಜ್ಜಿ, ದೃಷ್ಟಿ ತೆಗೆಯುವ ಅತ್ತೆ ಇವರೆಲ್ಲ ಊರಿನಲ್ಲೇ ಉಳಿದಿದ್ದಾರೆ. ಒಂದು ಮನೆಯ ನಾಲ್ಕೈದು ಜನ ಹಂಚಿಕೊಂಡು ಕೇಳುತ್ತಿದ್ದ ‘ಅಯ್ಯೋ’ ಈಗ ಒಬ್ಬರ ಮೊಬೈಲಿಗೆ, ಅದೂ ರಾತ್ರಿ ಹನ್ನೊಂದರ ಮೇಲೆ, ಬಂದು ಸೇರುತ್ತದೆ. ಮನೆಯವರಿಗೆ ತಿಳಿಸದ ಪ್ರೀತಿಯಾದರೆ ಆ ಒಬ್ಬರು ತಮ್ಮ ಸುಸ್ತನ್ನು ಹೇಳಿಕೊಳ್ಳಲೂ ಯಾರಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಸಂಜೆ ನಡೆಯುವಾಗ ಮೂರನೆಯ ಸಲ ‘ಸ್ವಲ್ಪ ಕೂತ್ಕೊಳ್ಳೋಣ, ಸೊಂಟ ಹಿಡ್ಕೊಂಡಿದೆ’ ಎಂಬ ಮಾತು ಬಂದಾಗ, ಪಕ್ಕದವರು ಕೂರುತ್ತಾರೆ. ಆದರೆ ಕೆರೆಯ ಕಡೆ ಮುಖ ಮಾಡಿ ಕೂರುತ್ತಾರೆ, ಮಾತು ನಿಲ್ಲುತ್ತದೆ, ಕೈ ಫೋನಿನತ್ತ ಹೋಗುತ್ತದೆ. ಅನುಮಾನ ಮೊದಲು ಕಾಣಿಸುವುದು ಹೀಗೆ.

ನೋವಿನ ನಿಜವನ್ನು ಹೊರಗಿನವರು ಅಳೆಯಲು ಬರುವುದಿಲ್ಲ. ಜ್ವರಕ್ಕೆ ಥರ್ಮಾಮೀಟರ್ ಇದೆ, ಬಿಪಿಗೆ ತೋಳಿಗೆ ಸುತ್ತುವ ಪಟ್ಟಿ ಇದೆ. ತಲೆನೋವಿಗೆ ಅಂಥದ್ದೇನೂ ಇಲ್ಲ. ಆಸ್ಪತ್ರೆಯಲ್ಲೂ ಸೊನ್ನೆಯಿಂದ ಹತ್ತರೊಳಗೆ ಎಷ್ಟು ನೋವಿದೆ ಎಂದು ರೋಗಿಯನ್ನೇ ಕೇಳುತ್ತಾರೆ. ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿತು. ನೋವು ಯಾವಾಗಲೂ ವ್ಯಕ್ತಿಯ ಸ್ವಂತ ಅನುಭವ, ತನಗೆ ನೋವಾಗುತ್ತಿದೆ ಎಂದು ಹೇಳುವವರ ಮಾತನ್ನು ಗೌರವಿಸಬೇಕು ಎಂಬುದನ್ನು ಆಗ ಸ್ಪಷ್ಟವಾಗಿ ಸೇರಿಸಿತು. ಅನುಭವಿಸದವರಿಗೆ ಇನ್ನೊಬ್ಬರ ಬೇನೆ ತಿಳಿಯುವುದಿಲ್ಲ ಎಂಬ ವಾದ ಕನ್ನಡಕ್ಕಂತೂ ಹೊಸದಲ್ಲ; 12ನೇ ಶತಮಾನದ ಅಕ್ಕಮಹಾದೇವಿಯ ವಚನದಲ್ಲೇ ಅದಿದೆ.

ಹಾಗಾದರೆ ಪಕ್ಕದಲ್ಲಿ ಕೂತವರು ಮಾಡುವುದೇನು? ಇಲ್ಲಿ ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ನೆರವಿಗೆ ಬರುತ್ತಾನೆ. ಅವನು ತೀರಿಕೊಂಡ ಎರಡು ವರ್ಷಗಳ ಮೇಲೆ, 1953ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಒಂದು ಸರಳ ವಿವರಣೆ ಇದೆ. ಬಿದ್ದ ಮಗು ಅಳುತ್ತದೆ. ದೊಡ್ಡವರು ಅದಕ್ಕೆ ಮಾತು ಕಲಿಸುತ್ತಾರೆ. ಮುಂದೆ ಅಳುವಿನ ಜಾಗದಲ್ಲಿ ಮಾತು ಬಂದು ಕೂರುತ್ತದೆ. ಅಂದರೆ ‘ಸೊಂಟ ನೋಯ್ತಿದೆ’ ಎಂಬುದು ಲ್ಯಾಬಿನ ವರದಿಯ ಸಾಲಲ್ಲ, ದೊಡ್ಡವರಾದ ಮೇಲೆ ಅಳುವ ಬಗೆ. ಅಳುವ ಮಗುವಿನ ಮುಂದೆ ನಿಂತು ಯಾರೂ ಪುರಾವೆ ಕೇಳುವುದಿಲ್ಲ. ತಿರುಗಿ ನೋಡುತ್ತಾರೆ, ಎತ್ತಿಕೊಳ್ಳುತ್ತಾರೆ, ಕೆಲವೊಮ್ಮೆ ‘ಏನಾಗಿಲ್ಲ, ಏಳು’ ಎನ್ನುತ್ತಾರೆ. ಈ ಕೊನೆಯದೂ ಒಂದು ಸ್ಪಂದನವೇ. ಅಲ್ಲೂ ಅಳು ಸುಳ್ಳೆಂಬ ಆರೋಪವಿಲ್ಲ. ಸಂಗಾತಿಯ ನೋವನ್ನು ನಂಬುವುದೆಂದರೆ ಇಷ್ಟೇ: ತನಿಖೆ ನಡೆಸದೆ ತಿರುಗಿ ನೋಡುವುದು.

ನಂಬಲು ಇನ್ನೂ ನೆಲಮಟ್ಟದ ಕಾರಣಗಳಿವೆ. ‘ಯಾವಾಗಲೂ ಸುಸ್ತು’ ಎನ್ನುವ ಯುವತಿಯನ್ನು ಸೋಮಾರಿ ಎನ್ನುವ ಮೊದಲು ಒಂದು ಅಂಕಿಯನ್ನು ನೋಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 48ರಷ್ಟು ಮಂದಿಗೆ ರಕ್ತಹೀನತೆ ಇತ್ತು. ತಿಂಗಳು ತಿಂಗಳು ಹೊಟ್ಟೆ ಹಿಡಿದುಕೊಂಡು ಮಲಗುವವರಿಗೆ ‘ಎಲ್ಲರಿಗೂ ಆಗೋದೇ’ ಎಂದು ಮನೆಯಲ್ಲೇ ಹೇಳಿಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಮಹಿಳೆಯರಲ್ಲಿ ಹತ್ತರಲ್ಲಿ ಒಬ್ಬರಿಗೆ, ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರುತ್ತದೆ, ಅದು ಪತ್ತೆಯಾಗಲು ಎಷ್ಟೋ ಸಲ ವರ್ಷಗಳೇ ಹಿಡಿಯುತ್ತವೆ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಮೈಯೆಲ್ಲ ನೋಯಿಸುವ ಫೈಬ್ರೊಮಯಾಲ್ಜಿಯಾ ಇವೂ ಮೇಲುನೋಟಕ್ಕೆ ಕಾಣದ ಕಾಯಿಲೆಗಳೇ. ಗಂಡಸರ ದಾರಿ ಬೇರೆ. ಬೇಸರವಾಗಿದೆ, ಭಯವಾಗಿದೆ ಎಂದು ಹೇಳಲು ಬಾರದ ಹುಡುಗ ‘ಗ್ಯಾಸ್ಟ್ರಿಕ್ ಆಗಿದೆ’ ಎನ್ನುತ್ತಾನೆ. ಖಿನ್ನತೆ, ಆತಂಕಗಳು ನಮ್ಮಲ್ಲಿ ಮೈಕೈ ನೋವಾಗಿಯೇ ವೈದ್ಯರ ಮುಂದೆ ಬರುವುದು ಹೆಚ್ಚು. ಎಲ್ಲ ವರದಿಗಳೂ ನಾರ್ಮಲ್ ಬಂದರೆ ನೋವು ಸುಳ್ಳಾಗುವುದಿಲ್ಲ. ಹುಡುಕಬೇಕಾದ ಜಾಗ ಬದಲಾಗುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ರೋಗಭ್ರಾಂತಿ ಎಂಬ ಹಳೆಯ ಹಣೆಪಟ್ಟಿಯನ್ನೇ ಕೈಬಿಟ್ಟಿದ್ದಕ್ಕೆ ಆ ಹೆಸರಿಗೆ ಅಂಟಿದ್ದ ಅವಮಾನವೂ ಒಂದು ಕಾರಣ.

ಹಣೆಪಟ್ಟಿ ಏನು ಮಾಡಬಲ್ಲದು ಎಂಬುದನ್ನು ಮೈಸೂರಿನವರೇ ಆದ ತ್ರಿವೇಣಿ (1928–1963) ತೋರಿಸಿದ್ದಾರೆ. ಮನಃಶಾಸ್ತ್ರ ಓದಿದ ಈ ಕಾದಂಬರಿಗಾರ್ತಿಯ ‘ಶರಪಂಜರ’ವನ್ನು 1971ರಲ್ಲಿ ನಿರ್ದೇಶಕ ಪುಟ್ಟಣ್ಣ ಕಣಗಾಲ್ ನಟಿ ಕಲ್ಪನಾ ಅವರನ್ನು ನಾಯಕಿಯಾಗಿಸಿ ಸಿನಿಮಾ ಮಾಡಿದರು. ಕಥಾನಾಯಕಿ ಕಾವೇರಿಗೆ ಹೆರಿಗೆಯ ನಂತರ ಮನಸ್ಸು ಕದಡುತ್ತದೆ, ಚಿಕಿತ್ಸೆಯಾಗುತ್ತದೆ, ಗುಣವಾಗಿ ಮನೆಗೆ ಬರುತ್ತಾಳೆ. ಮನೆಯವರ, ನೆರೆಯವರ ಕಣ್ಣು ಮಾತ್ರ ಗುಣವಾಗಿರುವುದಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಯಾರಿಗಾದರೂ ಬರಬಹುದಾದ ಬೇಸರ ಅವಳಿಗೆ ಬಂದರೆ ಅದು ಹುಚ್ಚಿನ ಲಕ್ಷಣ. ಗಂಡ ದೂರ ಸರಿದದ್ದನ್ನು ಅವಳು ಕಂಡುಕೊಂಡರೂ ಅವಳ ಮಾತಿಗೆ ಸಾಕ್ಷಿಯ ಬೆಲೆ ಉಳಿದಿರುವುದಿಲ್ಲ. ಕೊನೆಗೆ ಅವಳು ಮತ್ತೆ ಆಸ್ಪತ್ರೆಯ ಪಾಲಾಗುತ್ತಾಳೆ. ‘ಯಾವಾಗಲೂ ಗೊಣಗುವವಳು’, ‘ರೋಗಿಷ್ಠ’ ಎಂದು ಒಮ್ಮೆ ಗುರುತಿಸಿದ ಸಂಗಾತಿಗೆ ಆಗುವುದೂ ಇದೇ, ಸಣ್ಣ ಪ್ರಮಾಣದಲ್ಲಿ. ಅವರು ಸಂಬಂಧದ ಬಗ್ಗೆ ಎತ್ತುವ ನ್ಯಾಯವಾದ ದೂರು ಕೂಡ ಇನ್ನೊಂದು ತಲೆನೋವಿನ ಲೆಕ್ಕಕ್ಕೆ ಜಮೆಯಾಗುತ್ತದೆ.

ಭ್ರಮೆ ಯಾವುದು, ರೋಗ ಯಾವುದು ಎಂದು ಹೊರಗಿನಿಂದ ಹೇಳುವುದೂ ಸುಲಭವಲ್ಲ. ಫ್ರಾನ್ಸಿನ ನಾಟಕಕಾರ ಮೋಲಿಯೇರ್‌ನ ಕೊನೆಯ ನಾಟಕ ಇಲ್ಲದ ಕಾಯಿಲೆಗಳನ್ನು ಕಲ್ಪಿಸಿಕೊಂಡು ನರಳುವವನ ಕುರಿತದ್ದು. ಆ ಪಾತ್ರವನ್ನು ಅವನೇ ವಹಿಸಿದ್ದ. 1673ರ ಫೆಬ್ರವರಿ 17ರಂದು, ನಾಲ್ಕನೆಯ ಪ್ರದರ್ಶನದ ನಡುವೆ ವೇದಿಕೆಯ ಮೇಲೆಯೇ ಅಸ್ವಸ್ಥನಾಗಿ ಅದೇ ರಾತ್ರಿ ತೀರಿಕೊಂಡ. ರೋಗದ ಭ್ರಮೆಯವನಾಗಿ ಅಭಿನಯಿಸಿದವನ ಎದೆಯೊಳಗೆ ನಿಜವಾದ ರೋಗವಿತ್ತು.

ಇಷ್ಟು ಹೇಳಿದ ಮೇಲೆ ಎರಡನೆಯ ಪ್ರಶ್ನೆಗೆ ಬರಬೇಕು, ಏಕೆಂದರೆ ಕೇಳಿಸಿಕೊಳ್ಳುವವರ ಕಷ್ಟವೂ ಕಷ್ಟವೇ. ದಿನವೂ ನೋವಿನ ಮಾತು ಕೇಳುವವರು ಬಳಲುತ್ತಾರೆ. ತಮ್ಮ ಜ್ವರವನ್ನು ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಬೇಕೆಂದು ಹೊರಟದ್ದು ನಡುದಾರಿಯ ನಂದಿಯ ಹತ್ತಿರ ನಿಂತುಹೋದರೆ ಒಂದು ಸಲ ಏನೂ ಅನ್ನಿಸುವುದಿಲ್ಲ. ಗೆಳೆಯರ ಮದುವೆ, ದಸರಾ ಸಂಜೆ, ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲವೂ ಹಾಗೇ ಆದರೆ ಪ್ರೀತಿ ಸೊರಗುತ್ತದೆ.

ಈ ಹಂತದಲ್ಲಿ ನೆನಪಿಡಬೇಕಾದದ್ದು: ನೋವು ನಿಜವಾದರೂ ನೋವಿನ ಹೆಸರಿನಲ್ಲಿ ಬರುವ ಪ್ರತಿ ಬೇಡಿಕೆಯೂ ನ್ಯಾಯವಾಗಬೇಕಿಲ್ಲ. 2025ರ ಜುಲೈನಲ್ಲಿ ಮೈಸೂರು ಇದನ್ನು ಊರಿಗೆ ಊರೇ ಕಂಡಿತು. ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸಾವುಗಳಾದ ಸುದ್ದಿ ಹಬ್ಬಿದಾಗ ಇಲ್ಲಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಬೆಳ್ಳಂಬೆಳಿಗ್ಗೆಯೇ ಸಾಲುಗಟ್ಟಿ ನಿಂತರು. ಅವರ ಭಯ ಅಪ್ಪಟ ನಿಜ. ಅದನ್ನು ಹಾಸ್ಯ ಮಾಡುವುದು ಕ್ರೂರ. ಆದರೆ ಗಾಬರಿಯಿಂದ ನುಗ್ಗಿದರೆ ತುರ್ತು ಚಿಕಿತ್ಸೆ ಬೇಕಾದವರಿಗೆ ತೊಂದರೆಯಾಗುತ್ತದೆ, ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿ ಎಂದು ವೈದ್ಯರು ಹೇಳಬೇಕಾಯಿತು. ಆ ಮಾತಿನಲ್ಲಿ ಭಯವನ್ನು ಸುಳ್ಳೆನ್ನುವ ದನಿ ಇರಲಿಲ್ಲ. ಸಾಲಿಗೆ ಮಿತಿಯಿದೆ ಎಂಬ ಸೂಚನೆ ಇತ್ತು. ಒಬ್ಬ ಸಂಗಾತಿಯ ಸಮಯಕ್ಕೂ ಮಿತಿಯಿದೆ.

ಸಮಾಜಶಾಸ್ತ್ರಜ್ಞ ಟಾಲ್ಕಾಟ್ ಪಾರ್ಸನ್ಸ್ 1951ರಲ್ಲಿ ರೋಗಿಯ ಪಾತ್ರವನ್ನು ವಿವರಿಸುವಾಗ ಹಕ್ಕುಗಳ ಜೊತೆಗೆ ಕರ್ತವ್ಯಗಳನ್ನೂ ಹೇಳಿದ. ಕಾಯಿಲೆಯವರಿಗೆ ದಿನದ ಹೊಣೆಗಳಿಂದ ವಿನಾಯಿತಿ ಇದೆ, ಕಾಯಿಲೆಗೆ ಅವರನ್ನೇ ದೂರುವಂತಿಲ್ಲ. ಆದರೆ ಗುಣವಾಗಲು ಬಯಸಬೇಕು, ತಕ್ಕ ನೆರವು ಪಡೆಯಬೇಕು. ದೀರ್ಘಕಾಲದ ಕಾಯಿಲೆಗೆ ಈ ಸೂತ್ರ ಪೂರ್ತಿ ಹೊಂದುವುದಿಲ್ಲ, ಗುಣವಾಗದ ನೋವುಗಳಿವೆ. ಆದರೂ ‘ತಕ್ಕ ನೆರವು’ ಎಂಬ ಭಾಗ ಉಳಿಯುತ್ತದೆ. ತಿಂಗಳುಗಟ್ಟಲೆ ಡೋಲೋ ನುಂಗುತ್ತ, ಬಾಮ್ ಹಚ್ಚುತ್ತ, ಆಸ್ಪತ್ರೆ ಎಂದರೆ ‘ಬೇಡ ಬಿಡು’ ಎನ್ನುತ್ತ, ಪ್ರೀತಿಸಿದವರನ್ನೇ ವೈದ್ಯ, ದಾದಿ, ಅಮ್ಮ ಎಲ್ಲವೂ ಆಗಿಸುವುದು ಅನ್ಯಾಯ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ, ಮನೋವೈದ್ಯರಿದ್ದಾರೆ; ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಣ ಕೊಡದೆ ಕರೆ ಮಾಡಬಹುದು. ಜೊತೆಗೆ ಬಂದು ಕೂರುತ್ತೇನೆ ಎನ್ನುವುದು ಸಂಗಾತಿಯ ಕೆಲಸ; ಹೋಗುವುದು ನೋವಿರುವವರ ಕೆಲಸ.

ಅತಿಯಾದ ಉಪಚಾರದಿಂದ ಹಾನಿಯೂ ಇದೆ. ಮನಃಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡಿಸ್ 1976ರ ತನ್ನ ಪುಸ್ತಕದಲ್ಲಿ ತೋರಿಸಿದಂತೆ, ನರಳಿದಾಗ ಮಾತ್ರ ಗಮನ ಸಿಗುವ ಮನೆಯಲ್ಲಿ ನರಳಾಟ ಬೇರೂರುತ್ತದೆ. ಇದು ನಟನೆಯಲ್ಲ, ಮೈ ಕಲಿಯುವ ಪಾಠ. ಹಾಗಾಗಿ ಚೆನ್ನಾಗಿರುವ ದಿನವೂ ಅಷ್ಟೇ ಅಕ್ಕರೆಯಿಂದ ‘ಹೇಗಿದ್ದೀಯ’ ಎಂದು ಕೇಳುವವರು ದೊಡ್ಡ ಉಪಕಾರ ಮಾಡುತ್ತಾರೆ. 1970ರ ದಶಕದ ಆರಂಭದಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಕಾದಂಬರಿಕಾರ ನಿರಂಜನರು ಆಮೇಲೂ 25 ಸಂಪುಟಗಳ ‘ವಿಶ್ವಕಥಾಕೋಶ’ವನ್ನು ಸಂಪಾದಿಸಿದರು. ಅವರ ಪತ್ನಿ, ವೈದ್ಯೆ ಅನುಪಮಾ ನಿರಂಜನ ಕ್ಯಾನ್ಸರ್ ಬಂದ ಮೇಲೂ ಬರೆಯುತ್ತಲೇ ಇದ್ದರು. ಎಲ್ಲರಿಂದ ಇದನ್ನು ನಿರೀಕ್ಷಿಸುವುದು ತಪ್ಪು. ಆದರೆ ಕಾಯಿಲೆ ಇದ್ದ ಮನೆಯಲ್ಲೂ ಕಾಯಿಲೆಯ ಹೊರತಾದ ಮಾತಿಗೆ ಜಾಗ ಇರಬಲ್ಲದು ಎಂಬುದಕ್ಕೆ ಅವರಿಬ್ಬರೂ ಸಾಕ್ಷಿ.

ಒಂದು ಆಕ್ಷೇಪ ಉಳಿದಿದೆ. ನೋವನ್ನು ನೆಪವಾಗಿ ಬಳಸುವವರೂ ಇರುತ್ತಾರಲ್ಲ? ಇರುತ್ತಾರೆ. ತನ್ನ ಗೆಳೆಯರನ್ನು ಭೇಟಿಯಾಗುವ ದಿನವೇ ಅವಳಿಗೆ ತಲೆ ಸಿಡಿಯುತ್ತದೆ ಎಂದು ಹುಡುಗನೊಬ್ಬ ಗಮನಿಸಿದರೆ ಅವನು ಗಮನಿಸಿದ್ದು ಸರಿಯೇ ಇರಬಹುದು. ಆಗಲೂ ‘ನಿನಗೆ ತಲೆನೋವಿಲ್ಲ’ ಎಂಬ ಮಾತಿಗೆ ಅವನ ಬಳಿ ಆಧಾರವಿಲ್ಲ. ‘ನನ್ನ ಗೆಳೆಯರ ಜೊತೆ ಬರೋದು ನಿನಗೆ ಇಷ್ಟವಿಲ್ಲವೇನೋ, ಹೇಳು’ ಎಂಬ ಮಾತಿಗೆ ಆಧಾರವಿದೆ, ಅದಕ್ಕೆ ಉತ್ತರವೂ ಸಿಗುತ್ತದೆ. ‘ಇವತ್ತು ನಾನು ಹೋಗಿ ಬರುತ್ತೇನೆ, ನೀನು ಮಲಗಿರು’ ಎನ್ನಲು ಯಾರ ನೋವನ್ನೂ ಸುಳ್ಳು ಮಾಡಬೇಕಿಲ್ಲ.

ಮದುವೆಯಾದವರು ಕಷ್ಟಸುಖಕ್ಕೆ ಜೊತೆಯೆಂದು ನಾಲ್ಕು ಜನರೆದುರು ಒಪ್ಪಿಕೊಂಡಿರುತ್ತಾರೆ. ಪ್ರೀತಿಸುತ್ತಿರುವವರು ಆ ಮಾತನ್ನು ಕೊಡಬೇಕೇ ಎಂದು ಇನ್ನೂ ಯೋಚಿಸುತ್ತಿರುತ್ತಾರೆ, ಆ ಯೋಚನೆಗೆ ಅವರಿಗೆ ಸ್ವಾತಂತ್ರ್ಯವಿದೆ. ತನ್ನಿಂದಾಗದು ಎನ್ನಿಸಿದರೆ ದೂರ ಸರಿಯುವುದು ಪಾಪವಲ್ಲ. ಆದರೆ ದೂರ ಸರಿಯುವವರು ತಮ್ಮ ನಿರ್ಧಾರವನ್ನು ಸಮರ್ಥಿಸಿಕೊಳ್ಳಲು ‘ಅವಳಿಗೆ ಏನೂ ಇರಲಿಲ್ಲ, ಎಲ್ಲ ನಾಟಕ’ ಎಂದು ಗೆಳೆಯರ ನಡುವೆ ಹೇಳಿಕೊಂಡು ತಿರುಗುವುದು ಕ್ಷಮಿಸಲಾಗದ ತಪ್ಪು. ಆ ಮಾತು ಅವಳ ಮನೆಯವರಿಗೂ ಮುಟ್ಟುತ್ತದೆ, ಮುಂದೆ ನಿಜವಾಗಿ ಆಸ್ಪತ್ರೆಗೆ ಹೋಗಬೇಕಾದ ದಿನ ಅವಳನ್ನು ಕರೆದೊಯ್ಯಲು ಯಾರೂ ಏಳದಿರಬಹುದು. ಬಿಡುವುದಾದರೆ, ‘ನಿನ್ನ ನೋವು ನಿಜ, ಇದರ ಜೊತೆ ನಡೆಯುವ ಶಕ್ತಿ ನನಗಿಲ್ಲ’ ಎಂದು ಎದುರು ಕೂತು ಹೇಳಿ ಬಿಡಬೇಕು.