ನ್ಯಾಸಾಪಹಾರವೂ ನೌಕರಿಯೂ

ಕಳ್ಳತನವೆಂದೊಡನೆ ಶ್ರಾವಕನ ಕಣ್ಣ ಮುಂದೆ ಕನ್ನ ಕೊರೆಯುವವನ ಚಿತ್ರವೇ ನಿಲ್ಲುತ್ತದೆ. ಆದರೆ ಅಂಗಡಿಯ ಗುಮಾಸ್ತನಾಗಲಿ, ಕಾರ್ಖಾನೆಯ ಉಗ್ರಾಣಪಾಲಕನಾಗಲಿ ಕನ್ನ ಕೊರೆಯಬೇಕಾಗಿಲ್ಲ. ಬೀಗದ ಕೈಯನ್ನು ಒಡೆಯನೇ ಅವನ ವಶಕ್ಕೆ ಕೊಟ್ಟಿರುತ್ತಾನೆ. ಹಾಗಿರುವಲ್ಲಿ ಅದತ್ತಾದಾನವೆಂಬ ಮಾತು ಅವನಿಗೆ ಹೇಗೆ ಅನ್ವಯಿಸೀತು? ಕಾಯಲೆಂದು ಕೊಟ್ಟದ್ದು ಭೋಗಿಸಲೆಂದು ಕೊಟ್ಟದ್ದಲ್ಲ ಎಂಬ ಉತ್ತರ ಸರಿಯಾದುದೇ. ಆದರೂ ಶಾಸ್ತ್ರಕಾರರು ಇದಕ್ಕಿಂತ ಆಳವಾಗಿ ನೋಡಿದ್ದಾರೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ವ್ರತಗಳ ಅತಿಚಾರಗಳನ್ನು ಹೇಳುವಾಗ ಕದ್ದ ಮಾಲನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಮೋಸ ಮುಂತಾದವನ್ನು ಅಚೌರ್ಯದ ಕೆಳಗೆ ಇರಿಸಿದರು. ನ್ಯಾಸಾಪಹಾರವನ್ನೂ ಕೂಟಲೇಖಕ್ರಿಯೆಯನ್ನೂ ಮಾತ್ರ ಸತ್ಯಾಣುವ್ರತದ ಅತಿಚಾರಗಳೆಂದರು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನ್ಯಾಸಾಪಹಾರವನ್ನು ವಿವರಿಸುವ ಬಗೆ ಇನ್ನೂ ಸೂಕ್ಷ್ಮವಾದುದು. ಒತ್ತೆಯಿಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದೇ ಆ ದೋಷ. ಇಲ್ಲಿ ಕೈ ಪೆಟ್ಟಿಗೆಯನ್ನು ಮುಟ್ಟಿಲ್ಲ. ನಾಲಗೆ ಒಂದು ಮಾತನ್ನಾಡಿದೆ, ಅಷ್ಟೆ. (ರತ್ನಗಳನ್ನು ನುಂಗಿದ ಸತ್ಯಘೋಷನನ್ನು ರತ್ನಕರಂಡಕವು ಚೌರ್ಯಕ್ಕಲ್ಲದೆ ಅಸತ್ಯಕ್ಕೆ ದೃಷ್ಟಾಂತವಾಗಿ ಹೆಸರಿಸಿರುವುದನ್ನು ಓದುಗರು ನೆನೆಯಬಹುದು.) ಇಂದು ಖಾತೆ ಪುಸ್ತಕದ ಬದಲು ಗಣಕಯಂತ್ರದಲ್ಲಿ ಸುಳ್ಳು ರಸೀತಿಯನ್ನು ಏರಿಸಿದರೂ ಅದು ಕೂಟಲೇಖವೇ.

ನೌಕರನು ಮೊದಲು ಸುಳ್ಳು ಹೇಳುವುದು ಒಡೆಯನಿಗಲ್ಲ, ತನಗೇ. ಅಮೆರಿಕದ ಸಮಾಜಶಾಸ್ತ್ರಜ್ಞ ಡೊನಾಲ್ಡ್ ಕ್ರೆಸಿ ಎಂಬವರು, ನಂಬಿಕೆಯ ಸ್ಥಾನದಲ್ಲಿದ್ದು ಹಣ ಅಪಹರಿಸಿ ಸೆರೆಮನೆ ಸೇರಿದವರನ್ನು ಕಂಡು ಮಾತನಾಡಿಸಿ 1953ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅವರಲ್ಲಿ ಅನೇಕರು ತಾವು ಕದಿಯುತ್ತಿದ್ದೇವೆಂದು ಭಾವಿಸಿರಲೇ ಇಲ್ಲ. ‘ಸಾಲ ತೆಗೆದುಕೊಂಡಿದ್ದೇನೆ, ತುಂಬುತ್ತೇನೆ’ ಎಂದುಕೊಂಡಿದ್ದರು. ಇನ್ನೊಬ್ಬರಲ್ಲಿ ಹೇಳಿಕೊಳ್ಳಲಾಗದ ಹಣದ ಸಂಕಟ ಅವರನ್ನು ಒಳಗೇ ಕೊರೆಯುತ್ತಿತ್ತು. ಒಡೆಯನಿಗೆ ತಿಳಿಯದ ಸಾಲ ಎಂಥ ಸಾಲ? ಆ ಶಬ್ದವೇ ಮೊದಲನೆಯ ಅಸತ್ಯ.

ಸಂಬಳ ಸಾಲದು, ಆದ್ದರಿಂದ ಇದು ನನ್ನ ಪಾಲು ಎಂಬ ವಾದವೂ ಉಂಟು. ಆಳಿನ ಮೇಲೆ ಶಕ್ತಿಮೀರಿದ ಭಾರ ಹೇರುವ, ಅನ್ನಕ್ಕೆ ಅಡ್ಡಿಯಾಗುವ ಒಡೆಯನು ಅಹಿಂಸಾಣುವ್ರತಕ್ಕೆ ಅತಿಚಾರ ತಂದುಕೊಳ್ಳುತ್ತಾನೆಂಬುದರಲ್ಲಿ ಸಂಶಯವಿಲ್ಲ. ಪರ್ವದ ದಿನ ಪೂಜೆಗೆ ಮುಂದೆ ನಿಲ್ಲುವ ವರ್ತಕರು ಇದನ್ನು ಗಮನಿಸುವುದು ಒಳ್ಳೆಯದು. ಆದರೆ ಒಬ್ಬನ ಅತಿಚಾರವು ಇನ್ನೊಬ್ಬನಿಗೆ ದತ್ತವಾಗುವುದಿಲ್ಲ. ರಾಜ್ಯದ ಕಾನೂನೂ ನೌಕರನ ವಿಷಯದಲ್ಲಿ ಕಠಿಣವಾಗಿಯೇ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೊದಲ ಸಲದ ಸಾಮಾನ್ಯ ಕಳವಿಗೆ 3 ವರ್ಷಗಳವರೆಗೆ ಸೆರೆಯಾದರೆ, ನೌಕರನು ಒಡೆಯನ ವಶದಲ್ಲಿರುವ ಸ್ವತ್ತನ್ನು ಕದ್ದರೆ 7 ವರ್ಷಗಳವರೆಗೆ.

ಇನ್ನೊಂದು ಮಾತು. ಪರರ ವಸ್ತುವನ್ನು ತಾನು ತೆಗೆದುಕೊಳ್ಳದಿರುವುದಷ್ಟೇ ಅಲ್ಲ, ಬೇರೊಬ್ಬರಿಗೆ ಕೊಡದಿರುವುದನ್ನೂ ಸಮಂತಭದ್ರಾಚಾರ್ಯರು ಈ ವ್ರತದಲ್ಲಿ ಸೇರಿಸಿದ್ದಾರೆ. ಆದುದರಿಂದ ನೆಂಟನಿಗೆಂದು ತಕ್ಕಡಿಯನ್ನು ತುಸು ಹೆಚ್ಚು ಬಾಗಿಸುವ ಗುಮಾಸ್ತನೂ, ಅಂಗಡಿಯ ಹಣದಿಂದ ಬಸದಿಯ ಹುಂಡಿಗೆ ಹಾಕುವವನೂ ಇದಕ್ಕೆ ಹೊರತಲ್ಲ. ದಶಲಕ್ಷಣ ಪರ್ವದಲ್ಲಿ ಹತ್ತು ಉಪವಾಸ ಮಾಡಿದವನ ದೇಹ ಕೃಶವಾದೀತು, ಒಡೆಯನ ಗಲ್ಲೆಯಲ್ಲಿ ಕಡಿಮೆಯಾದ ಹಣ ಅದರಿಂದ ತುಂಬುವುದಿಲ್ಲ. ಅದನ್ನು ಒಡೆಯನಿಗೇ ಹೇಳಿ ಒಪ್ಪಿಸಬೇಕು. ಅವನು ತೀರಿಹೋಗಿದ್ದರೆ ಅವನ ವಾರಸುದಾರರಿದ್ದಾರೆ. ಒಮ್ಮೆಗೇ ಆಗದಿದ್ದರೆ ತಿಂಗಳು ತಿಂಗಳು, ಲೆಕ್ಕ ಬರೆದು.