ಅಣ್ಣು, ಹಣ್ಣು, ಮೂರು ಮಾತ್ರೆ

ಪುಣೆಯಲ್ಲಿ ಓದುತ್ತಿರುವ ಏಳೆಂಟು ಕನ್ನಡದ ಹುಡುಗ ಹುಡುಗಿಯರನ್ನು ಸೇರಿಸಿಕೊಂಡು ಕುವೆಂಪು ಅವರ ‘ಬೆರಳ್‌ಗೆ ಕೊರಳ್’ (1947) ಆಡಿಸಲು ಹೊರಟಾಗ, ಕಷ್ಟವೆಲ್ಲ ಹಳಗನ್ನಡದ ಪದಗಳದ್ದು ಎಂದುಕೊಂಡಿದ್ದೆ. ಪದಗಳು ಒಂದೇ ವಾರದಲ್ಲಿ ಅರ್ಥವಾದವು. ತೊಡಕಾದದ್ದು ಉಸಿರು ಮತ್ತು ನಾಲಗೆ.

ನಾಟಕ ಸರಳ ರಗಳೆಯಲ್ಲಿದೆ. ಐದೈದು ಮಾತ್ರೆಯ ನಾಲ್ಕು ಗಣ, ಸಾಲಿಗೆ 20 ಮಾತ್ರೆ, ಪ್ರಾಸದ ಕಟ್ಟಿಲ್ಲ. ವಾಕ್ಯ ಸಾಲಿನ ತುದಿಯಲ್ಲೇ ಮುಗಿಯಬೇಕೆಂದಿಲ್ಲ, ಮುಂದಿನ ಸಾಲಿನ ನಡುವೆ ಹೋಗಿ ನಿಲ್ಲಬಹುದು. ನಮ್ಮವರು ಪ್ರತಿ ಸಾಲಿಗೂ ನಿಂತು ಮಗ್ಗಿ ಒಪ್ಪಿಸುತ್ತಿದ್ದರು. ಮೊದಲು ಕೈತಾಳ ಹಾಕಿ ಗಣ ಎಣಿಸಿದೆವು. ಆಮೇಲೆ ತಾಳ ಬಿಟ್ಟು, ಅರ್ಥ ನಿಲ್ಲುವ ಕಡೆ ಮಾತ್ರ ಉಸಿರು ತೆಗೆದುಕೊಳ್ಳಿ ಎಂದೆ. ಪದ್ಯ ಮಾತಾಗತೊಡಗಿತು.

ನಂತರ ನಾಲಗೆ. ಪುಣೆಯಲ್ಲೇ ಬೆಳೆದ ಹುಡುಗಿಯೊಬ್ಬಳು ‘ಕೊಡು’, ‘ಕೋಡು’ ಎರಡನ್ನೂ ಒಂದೇ ಅಳತೆಯಲ್ಲಿ ಹೇಳುತ್ತಿದ್ದಳು. ಮರಾಠಿಯಲ್ಲಿ ಒ, ಓ ಎಂದು ಬೇರೆ ಅಕ್ಷರಗಳಿಲ್ಲ. ತಿದ್ದಿದೆ. ಏಕಲವ್ಯನ ಪಾತ್ರದ ಹುಡುಗ ಮಂಡ್ಯದ ಕಡೆಯವನು, ಹಕಾರ ಬಿಡುತ್ತಿದ್ದ. ಅವನನ್ನೂ ತಿದ್ದಿದೆ. ಎಲ್ಲರೆದುರು, ಅವನ ಹಾಗೇ ಮಾತಾಡಿ ತೋರಿಸಿ ತಿದ್ದಿದೆ. ಎಲ್ಲರೂ ನಕ್ಕರು, ಅವನೂ ನಕ್ಕ. ಮೂರು ವಾರದಲ್ಲಿ ಒಂದು ಹಕಾರವೂ ತಪ್ಪಲಿಲ್ಲ.

ಒಂದು ಸಂಜೆ ಚಹಾದ ಹೊತ್ತಿಗೆ ಅವನಿಗೆ ಊರಿನಿಂದ ಫೋನ್ ಬಂತು. ‘ಅಣ್ಣು ಅಲ್ಲಮ್ಮ, ಹಣ್ಣು. ನೆಟ್ಟಗೆ ಹೇಳು’ ಅಂದ. ದನಿ ಅವನದಾಗಿರಲಿಲ್ಲ, ನನ್ನದು.

ನಾಟಕದಲ್ಲಿ ದ್ರೋಣ ಕೇಳುತ್ತಾನೆ, ಬೇಡರ ಹುಡುಗ ಹೆಬ್ಬೆರಳು ಕೊಡುತ್ತಾನೆ. ಅದನ್ನು ಕಂಡು ಬೇಯುವ ತಾಯಿಯೂ ಅಲ್ಲಿದ್ದಾಳೆ. ಈ ಕಥೆಯನ್ನೇ ಕಲಿಸುತ್ತ ನಾನು ಕೇಳಿದ್ದೇನು?

ತಿದ್ದದೆ ಕಲಿಸಲಾಗದು, ನಿಜ. ಆದರೆ ಎರಡೂ ತಿದ್ದುಗಳು ಒಂದೇ ಜಾತಿಯವಲ್ಲ. ‘ಕೊಡು’ ಎರಡು ಮಾತ್ರೆ, ‘ಕೋಡು’ ಮೂರು. ಅಲ್ಲಿ ತಪ್ಪಿದರೆ ಗಣ ಮುರಿಯುತ್ತದೆ. ಅದನ್ನು ತಿದ್ದು ಎಂದವನು ನಾನಲ್ಲ, ಛಂದಸ್ಸು. ‘ಹಣ್ಣು’ ಮೂರು ಮಾತ್ರೆ, ‘ಅಣ್ಣು’ ಕೂಡ ಮೂರೇ. ಛಂದಸ್ಸಿಗೆ ಅಲ್ಲಿ ತಕರಾರಿಲ್ಲ. ತಕರಾರಿದ್ದದ್ದು ನನಗೆ, ನಾನು ಶಾಲೆಯಲ್ಲಿ ಕಲಿತು ಬಂದ ನಾಚಿಕೆಗೆ.

‘ಹಾಡು’ ‘ಆಡು’ ಆದರೆ ಪ್ರೇಕ್ಷಕರಿಗೆ ಅರ್ಥ ಕೆಡುವುದಿಲ್ಲವೇ ಎಂದು ನೀವು ಕೇಳಬಹುದು. ಕೆಡಬಹುದು. ಹಾಗಾಗಿ ಹಕಾರವನ್ನೂ ಕಲಿಸಬೇಕು, ಆದರೆ ವೇಷದ ಹಾಗೆ: ರಂಗಕ್ಕೆ ಹಾಕಿಕೊಳ್ಳಲು, ಇಳಿದ ಮೇಲೆ ಕಳಚಲು. ಹಾಕಿಕೊಳ್ಳುವ ವೇಷ ನಟನಿಗೆ ಒಂದು ಬೆರಳನ್ನು ಕೂಡಿಸುತ್ತದೆ. ತನ್ನ ಮನೆಯ ಮಾತಿಗೆ ಹೇಸುವಂತೆ ಮಾಡುವ ಪಾಠ ಒಂದು ಬೆರಳನ್ನು ಕಳೆಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ, ಎರಡರಲ್ಲೂ ಉಚ್ಚಾರ ಸರಿಹೋಗುತ್ತದೆ. ಗುರುವಿಗೆ ಮೋಸವಾಗುವುದು ಇಲ್ಲೇ.

ಮರುದಿನ ಎಲ್ಲರೆದುರೇ ತಪ್ಪು ಒಪ್ಪಿಕೊಂಡೆ, ನಕ್ಕದ್ದೂ ಎಲ್ಲರೆದುರೇ ತಾನೆ. ‘ಆಗಾದ್ರೆ ಏಕಲವ್ಯ ಎಂಗೆ ಮಾತಾಡ್ಲಿ ಸಾರ್?’ ಅಂದ ಹುಡುಗ. ಬೇಕೆಂದೇ ಅಂದನೋ ತಾನಾಗಿ ಬಂತೋ ಗೊತ್ತಾಗಲಿಲ್ಲ. ನೀನೇ ತೀರ್ಮಾನಿಸು ಎಂದೆ.

ಪ್ರದರ್ಶನದಲ್ಲಿ ಅವನು ಹಕಾರ ಉಳಿಸಿಕೊಂಡ. ಅಮ್ಮನ ಹತ್ತಿರ ಈಗ ಹೇಗೆ ಮಾತಾಡುತ್ತಾನೋ, ಅದನ್ನು ಕೇಳುವ ಹಕ್ಕು ನನಗಿಲ್ಲ.