ಹತ್ತು ಪ್ರಶ್ನಾರ್ಥಕ ಚಿಹ್ನೆಗಳು

ಬ್ಯಾಂಕಿನ ಸೈಟಿನಲ್ಲಿ ಪಾಸ್‌ವರ್ಡ್ ಹಾಕುವಾಗ ಪರದೆಯ ಮೇಲೆ ಪುಟ್ಟ ಕೀಬೋರ್ಡ್ ತೆರೆದುಕೊಳ್ಳೋದನ್ನ ನೀವೂ ನೋಡಿರ್ತೀರಿ. ಕೆಲವು ಕಡೆ ಪ್ರತಿ ಸಲವೂ ಅಕ್ಷರಗಳು ಜಾಗ ಬದಲಿಸಿಕೊಂಡು ಕೂತಿರ್ತವೆ. ನಾವು ಒತ್ತುವ ಕೀಲಿಗಳನ್ನು ಕದ್ದು ಬರೆದುಕೊಳ್ಳುವ ತಂತ್ರಾಂಶವೇನಾದರೂ ಅಡಗಿದ್ದರೆ ಅದಕ್ಕೆ ಚಳ್ಳೆಹಣ್ಣು ತಿನ್ನಿಸೋ ಉಪಾಯ ಅದು. ಕಳ್ಳರನ್ನು ಹೊರಗಿಡೋ ಕೀಬೋರ್ಡ್. ನಾನು ಮಾಡಿದ್ದು ಜನರನ್ನು ಒಳಗೆ ಕರೆಯೋ ಕೀಬೋರ್ಡ್. ಹಾಗಂತ ನಂಬಿದ್ದೆ.

ಹೆಂಗಸರಿಗೆ ಹೊಲಿಗೆ ತರಬೇತಿ ಕೊಡುವ ಒಂದು ಸಂಸ್ಥೆಗೆ ನಮ್ಮ ಕಂಪನಿ ಅರ್ಜಿ ಪುಟ ಮಾಡಿಕೊಡುತ್ತಿತ್ತು. ಹೆಸರು, ಊರು, ಫೋನ್ ನಂಬರು, ಅಷ್ಟೇ. ಎಲ್ಲಾ ಇಂಗ್ಲಿಷಿನಲ್ಲಿತ್ತು. ಕನ್ನಡ ಕೀಬೋರ್ಡ್ ಒಂದು ಸೇರಿಸೋಣ ಅಂತ ನಾನೇ ಮೀಟಿಂಗಿನಲ್ಲಿ ಹಟ ಮಾಡಿದೆ. ಎರಡು ದಿನದ ಕೆಲಸ. ಗುಂಡಿ ಒತ್ತಿದರೆ ಅಕ್ಷರ ಬೀಳಬೇಕು. ಆದರೆ ಗುಂಡಿ ಒತ್ತಿದ ಕೂಡಲೇ ಕರ್ಸರ್ ಬಾಕ್ಸ್ ಬಿಟ್ಟು ಓಡಿಹೋಗುತ್ತೆ, ಅದನ್ನು ಹಿಡಿದು ನಿಲ್ಲಿಸಬೇಕು. ಕೀಲಿಗಳನ್ನು ಹೇಗೆ ಜೋಡಿಸೋದು ಅನ್ನೋದು ಇನ್ನೊಂದು ಪ್ರಶ್ನೆ. ಇನ್‌ಸ್ಕ್ರಿಪ್ಟ್‌ನಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ; ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಇಂಗ್ಲಿಷ್ ಕೀಲಿಯ ಉಚ್ಚಾರಣೆಯ ಜಾಡು. ಎರಡೂ ಕಲಿತವರಿಗೆ ಸರಿ. ಕಲಿಯದವರಿಗೆ? ನಾನು ಶಾಲೆಯ ಗೋಡೆ ಮೇಲಿನ ವರ್ಣಮಾಲೆಯನ್ನೇ ಸಾಲು ಸಾಲಾಗಿ ಇಟ್ಟೆ. ಕ ಖ ಗ ಘ ಙ. ಬಹಳ ಹೆಮ್ಮೆಯಾಯ್ತು.

ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಮ್ಮನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿದೆ. ಅವಳಿಗೂ ತರಬೇತಿ ಬೇಕಿತ್ತು. ಹೆಸರು ಮುಗಿಸಿ ಊರಿಗೆ ಬಂದಳು: ಚಿತ್ರದುರ್ಗ. ನೋಡೋಕೆ ನಾಲ್ಕೇ ಅಕ್ಷರ, ಒತ್ತಬೇಕಾದ್ದು ಹತ್ತು ಕೀಲಿ. ತ್ರ ಬರೆಯೋಕೆ ತ, ಅರ್ಧಾಕ್ಷರದ ಚಿಹ್ನೆ, ಆಮೇಲೆ ರ. ಅದನ್ನು ಬೇಗ ಹಿಡಿದಳು. ಕೊನೆಯ ರ್ಗ ಬಂದಾಗ ನಿಂತುಬಿಟ್ಟಳು. ಕೈಬರಹದಲ್ಲಿ ಗ ಬರೆದು ಪಕ್ಕದಲ್ಲಿ ಅರ್ಕಾವೊತ್ತು ಎಳೀತೀವಿ. ಯೂನಿಕೋಡಿನಲ್ಲಿ ರ ಮೊದಲು ಬರಬೇಕು, ಯಾಕಂದ್ರೆ ಅದು ಕೈಯ ಕ್ರಮ ಕೇಳೋಲ್ಲ, ನಾಲಿಗೆಯ ಕ್ರಮ ಕೇಳುತ್ತೆ. "ಬಾಯಲ್ಲಿ ಹೇಳ್ಕೊಂಡು ಒತ್ತು ದೊಡ್ಡಮ್ಮ" ಅಂದೆ. ಹೇಳಿಕೊಂಡು ಒತ್ತಿದಳು. ಊರು ಪರದೆ ಮೇಲೆ ಮೂಡಿದಾಗ ಅವಳ ಮುಖ ನೋಡಬೇಕಿತ್ತು.

ಎರಡು ತಿಂಗಳಾದರೂ ಅವಳಿಗೆ ಕರೆ ಬರಲಿಲ್ಲ.

ಅಷ್ಟರಲ್ಲಿ ಆಫೀಸಿನಲ್ಲಿ ಮ್ಯಾನೇಜರ್ ಒಂದು ವರದಿ ತೋರಿಸಿದರು. ಕನ್ನಡದಲ್ಲಿ ಬಂದ ಅರ್ಜಿಗಳು: ಸೊನ್ನೆ. "ನೋಡಪ್ಪಾ, ಯಾರೂ ಬಳಸ್ತಿಲ್ಲ. ತೆಗೆದುಬಿಡೋಣ್ವಾ?" ಸೊನ್ನೆ ಹೇಗೆ ಸಾಧ್ಯ? ಒಂದಂತೂ ನನ್ನ ಕಣ್ಣೆದುರೇ ಹೋಗಿತ್ತು. ಡೇಟಾಬೇಸ್ ತೆರೆದು ನೋಡಿದೆ. ದೊಡ್ಡಮ್ಮನ ಊರಿನ ಜಾಗದಲ್ಲಿ ಹತ್ತು ಪ್ರಶ್ನಾರ್ಥಕ ಚಿಹ್ನೆಗಳು ಕೂತಿದ್ದವು: ??????????

ವಿಷಯ ಇಷ್ಟೇ. ನಮ್ಮ ಡೇಟಾಬೇಸಿನ ಆ ಹಳೆಯ ಕಾಲಮ್ಮಿಗೆ ಯೂರೋಪಿನ ಲಿಪಿ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಪ್ರತಿ ಕೀಲಿಗೂ ಒಂದೊಂದು ಪ್ರಶ್ನಾರ್ಥಕ ಹಾಕಿ ಸುಮ್ಮನಾಗುತ್ತಿತ್ತು. ತಪ್ಪು ಅಂತ ಒಂದು ಮಾತೂ ಹೇಳುತ್ತಿರಲಿಲ್ಲ. ಪುಟ ಮಾತ್ರ ನಗುನಗುತ್ತಾ 'ಧನ್ಯವಾದಗಳು' ಅನ್ನುತ್ತಿತ್ತು. ವರದಿ ತಯಾರಿಸೋ ಪ್ರೋಗ್ರಾಮ್ ಬರೀ ಪ್ರಶ್ನಾರ್ಥಕ ಇರುವ ಅರ್ಜಿಗಳನ್ನು ಕಸ ಅಂತ ತಿಳಿದು ಮೊದಲೇ ಗುಡಿಸಿ ಹಾಕುತ್ತಿತ್ತು. ಹಾಗಾಗಿ ಲೆಕ್ಕ ಸೊನ್ನೆ. ಕನ್ನಡದಲ್ಲಿ ಬರೆದವರನ್ನೆಲ್ಲ ನಾವೇ ಅಳಿಸಿ, ಕನ್ನಡದಲ್ಲಿ ಬರೆಯೋರೇ ಇಲ್ಲ ಅಂತ ನಾವೇ ಸಾಬೀತು ಮಾಡಿದ್ದೆವು.

ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇದೆ. ಕಾಲಮ್ ಸರಿಪಡಿಸೋದು ಒಂದು ಮಧ್ಯಾಹ್ನದ ಕೆಲಸ. ಆದರೆ ಹೋದ ಅಕ್ಷರ ಹೋದವೇ. ಪ್ರಶ್ನಾರ್ಥಕದಿಂದ ಹಿಂದಕ್ಕೆ ಕನ್ನಡ ಬರೋದಿಲ್ಲ, ಅದರೊಳಗೆ ಏನೂ ಉಳಿದಿರೋಲ್ಲ. ಹೆಚ್ಚಿನವರ ಫೋನ್ ನಂಬರ್ ಉಳಿದಿತ್ತು. ಕೀಬೋರ್ಡಿನಲ್ಲಿ ನಾನು ಕನ್ನಡ ಅಂಕಿಗಳನ್ನೂ ಪ್ರೀತಿಯಿಂದ ಇಟ್ಟಿದ್ದೆನಲ್ಲ, ನಂಬರನ್ನೂ ಅದರಲ್ಲೇ ಒತ್ತಿದವರದ್ದು ಅದೂ ಇಲ್ಲ. ಹತ್ತು ಅಕ್ಷರ ಇದ್ದರೆ ಸಾಕು ಅಂತಷ್ಟೇ ನಮ್ಮ ಪುಟ ಪರೀಕ್ಷಿಸುತ್ತಿತ್ತು. ಅಂದರೆ, ನನ್ನನ್ನು ಸ್ವಲ್ಪ ನಂಬಿದವರು ಸ್ವಲ್ಪ ಕಳೆದುಕೊಂಡರು. ಪೂರ್ತಿ ನಂಬಿದವರು ಪೂರ್ತಿ ಕಳೆದುಕೊಂಡರು. ಕೀಬೋರ್ಡನ್ನು ಮುಟ್ಟದೆ, ಪಕ್ಕದ ಮನೆ ಹುಡುಗನ ಕೈಲಿ ಇಂಗ್ಲಿಷಿನಲ್ಲಿ ತುಂಬಿಸಿದವರಿಗೆ ಏನೂ ನಷ್ಟವಾಗಲಿಲ್ಲ.

ಇದೇ ನನ್ನನ್ನು ಕಾಡೋದು. "ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಇರೋದು ವಾಸಿ" ಅಂತ ನಾವು ಐಟಿಯವರು ದಿನಕ್ಕೆ ಹತ್ತು ಸಲ ಹೇಳ್ತೀವಿ. ಬಹಳ ಸಲ ಅದು ನಿಜವೂ ಹೌದು. ಅರ್ಧ ಕಟ್ಟಿದ ರಸ್ತೆಯಲ್ಲಿ ಅರ್ಧ ದಾರಿ ಹೋಗಬಹುದು. ಆದರೆ ಅರ್ಧ ಕಟ್ಟಿದ ಸೇತುವೆ? ಅದರ ಮೇಲೆ ದೀಪ ಹಾಕಿ, 'ಬನ್ನಿ' ಅಂತ ಬೋರ್ಡ್ ಬೇರೆ ನೆಟ್ಟರೆ? ಪುಟದಲ್ಲಿ ಕನ್ನಡ ಇಲ್ಲದಿದ್ದರೆ ದೊಡ್ಡಮ್ಮ ಯಾರದೋ ಸಹಾಯ ಕೇಳುತ್ತಿದ್ದಳು. ಸ್ವಲ್ಪ ಸಂಕೋಚ ಆಗುತ್ತಿತ್ತು, ಕೆಲಸ ಆಗುತ್ತಿತ್ತು. ನಾನು ಸಂಕೋಚ ತಪ್ಪಿಸಿದೆ, ಕೆಲಸವನ್ನೂ ತಪ್ಪಿಸಿದೆ. ನನ್ನ ಉದ್ದೇಶ ಒಳ್ಳೇದಿತ್ತು ಅನ್ನೋದು ನಿಜ. ಆದರೆ ಆ ಉದ್ದೇಶದ ಖುಷಿ ಅನುಭವಿಸಿದ್ದು ನಾನು, ಬೆಲೆ ಕೊಟ್ಟಿದ್ದು ಅವರು. ಪರದೆಯ ಮೇಲೆ ಕಾಣೋದನ್ನಷ್ಟೇ ಮಾಡಿ, ಅದರ ಹಿಂದೆ ಏನಾಗುತ್ತೆ ಅಂತ ಒಮ್ಮೆಯೂ ನೋಡದಿದ್ದದ್ದು ಬರೀ ಮರೆವು ಅಂತ ನನಗೀಗ ಅನ್ನಿಸೋಲ್ಲ. ಕಾಣುವಷ್ಟು ಮಾಡಿದಾಗಲೇ ನನಗೆ ತೃಪ್ತಿಯಾಗಿಬಿಟ್ಟಿತ್ತು.

ಮ್ಯಾನೇಜರಿಗೆ ಹೇಳಿದೆ. ಪುಣ್ಯಕ್ಕೆ ಅವರು ಜಗಳ ಆಡಲಿಲ್ಲ. ಕಾಲಮ್ ಸರಿಯಾಗೋವರೆಗೂ ಕೀಬೋರ್ಡ್ ತೆಗೆದುಹಾಕಿದೆವು. ಉಳಿದಿದ್ದ ನಂಬರುಗಳಿಗೆ ನಾನೇ ಕೂತು ಫೋನ್ ಮಾಡಿದೆ. "ನಿಮ್ಮ ಹೆಸರು ಹೇಳ್ತೀರಾ ಮೇಡಂ?" ಒಬ್ಬರು ಕೇಳಿದರು: "ಅರ್ಜೀಲಿ ಬರ್ದಿದ್ನಲ್ಲ ಸಾರ್?" ಏನು ಹೇಳಲಿ? ತರಬೇತಿ ಆಗಲೇ ಶುರುವಾಗಿತ್ತು. ಮುಂದಿನ ತಂಡಕ್ಕೆ ಸೇರಿಸಿಕೊಳ್ಳೋಕೆ ಸಂಸ್ಥೆಯವರು ಒಪ್ಪಿದರು. ನಂಬರೂ ಇಲ್ಲದವರಿಗೆ ಕ್ಷಮೆ ಕೇಳೋಣ ಅಂದ್ರೆ ಅವರು ಯಾರು ಅಂತಲೇ ನಮಗೆ ಗೊತ್ತಿಲ್ಲ.

ದೊಡ್ಡಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ. ನಕ್ಕುಬಿಟ್ಟಳು. "ಅಲ್ಲ ಕಣೋ, ನಿನ್ನ ಕಂಪ್ಯೂಟರಿಗೆ ನಮ್ಮೂರೇ ಗೊತ್ತಿಲ್ವಂತಾ?"

ಈಗ ಯಾವ ಪುಟ ಮಾಡಿದರೂ, ಜನರ ಮುಂದಿಡೋ ಮೊದಲು ಒಂದು ಕೆಲಸ ಮಾಡ್ತೀನಿ. ಚಿತ್ರದುರ್ಗ ಅಂತ ಬರೆದು ಕಳಿಸಿ, ಆಚೆ ಬದಿಗೆ ಹೋಗಿ ತೆಗೆದು ನೋಡ್ತೀನಿ, ಅರ್ಕಾವೊತ್ತು ಸಮೇತ ಊರು ಬಂದು ಸೇರಿದೆಯಾ ಅಂತ.